ಎರಡು ಮಹಾಯುದ್ಧಗಳ ನಡುವಿನ ಅಮೆರಿಕ: ಮಕ್ಕಳಿಗೆ ಸಾಲದ ಲೆಕ್ಕದಿಂದ ಕಲಿಸಿ

1918ರಿಂದ 1941ರವರೆಗಿನ ಅಮೆರಿಕವನ್ನು ಇಸವಿಗಳ ಪಟ್ಟಿಯಾಗಿ ಬಾಯಿಪಾಠ ಮಾಡಿಸಿದರೆ ಹತ್ತು-ಹನ್ನೆರಡು ವಯಸ್ಸಿನ ಮಕ್ಕಳಿಗೆ ಏನೂ ದಕ್ಕುವುದಿಲ್ಲ. ಸಾಲವೆಂಬ ಒಂದೇ ಎಳೆ ಹಿಡಿಯಿರಿ. ಕಂತಿನಲ್ಲಿ ಕಾರು, ರೇಡಿಯೊ ಕೊಂಡ 1920ರ ದಶಕದಿಂದ ಶುರುಮಾಡಿದರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಮದ್ಯನಿಷೇಧದ ಕಳ್ಳಸಾಗಣೆ ಕಥೆಗಳು ರಂಜಕವೇ, ಆದರೆ ಇಡೀ ತರಗತಿಯನ್ನು ನುಂಗಿಬಿಡುತ್ತವೆ. ಐದು ನಿಮಿಷ ಸಾಕು.

ಮೊದಲು ಷೇರು. ಪ್ರತಿ ಮಗುವಿಗೂ 10 ಡಾಲರಿನ ಕಾಗದದ ನೋಟು ಕೊಡಿ. ನೀವು ದಲ್ಲಾಳಿ, 90 ಸಾಲ ಕೊಟ್ಟು 100ರ ಷೇರು ಕೊಡಿಸಿ. ಆಗ ಕೈಯಿಂದ ಶೇ. 10ರಷ್ಟೇ ಹಾಕಿ ಷೇರು ಕೊಳ್ಳುವುದು ಸಾಧ್ಯವಿತ್ತು. ಬೋರ್ಡಿನಲ್ಲಿ ಬೆಲೆ 120 ಎಂದು ಬರೆಯಿರಿ. ಸಾಲ ಕಳೆದರೆ 30 ಉಳಿಯಿತು, ಹಾಕಿದ್ದರ ಮೂರು ಪಟ್ಟು. ಮಕ್ಕಳು ಕುಣಿಯಲಿ, ಅವಸರ ಮಾಡಬೇಡಿ. ಆಮೇಲೆ ಬೆಲೆ 90ಕ್ಕೆ ಇಳಿಸಿ ಸಾಲ ವಾಪಸ್ ಕೇಳಿ. ಎಲ್ಲರೂ ಮಾರಲು ಮುಗಿಬೀಳುತ್ತಾರೆ. ಒಬ್ಬೊಬ್ಬರು ಮಾರಿದಂತೆ ಬೆಲೆಯನ್ನು ಐದೈದು ಇಳಿಸುತ್ತಾ ಹೋಗಿ.

ಇಲ್ಲಿಗೇ ನಿಲ್ಲಿಸಿದರೆ, ಷೇರುಪೇಟೆ ಕುಸಿದ 1929ರ ಅಕ್ಟೋಬರಿನ ಒಂದೇ ದಿನದಲ್ಲಿ ದೇಶ ಮುಳುಗಿತೆಂಬ ತಪ್ಪು ಕಲ್ಪನೆ ಉಳಿಯುತ್ತದೆ. ಅದಕ್ಕೇ ಗ್ರಾಫ್ ಹಾಳೆ ಬೇಕು. ತಿಂಗಳಿಗೆ ಅರ್ಧ ಸೆಂ.ಮೀ., 50 ಅಂಶಕ್ಕೆ 1 ಸೆಂ.ಮೀ. ಹಿಡಿದು ದೊಡ್ಡ ಕಂಪನಿಗಳ ಷೇರು ಬೆಲೆಯ ಏರಿಳಿತ ತೋರಿಸುವ ಡೌ ಜೋನ್ಸ್ ಸೂಚ್ಯಂಕದ ನಾಲ್ಕು ಬಿಂದು ಹಾಕಿಸಿ: 1929ರ ಸೆಪ್ಟೆಂಬರ್ 381, ನವೆಂಬರ್ 199, 1930ರ ಏಪ್ರಿಲ್ 294, 1932ರ ಜುಲೈ 41. ನಡುವೆ ಚೇತರಿಕೆ ಕಂಡಿತ್ತಲ್ಲ, ಮತ್ತೇಕೆ ಬಿತ್ತು ಎಂದು ಮಕ್ಕಳೇ ಕೇಳುತ್ತಾರೆ.

ಉತ್ತರದ ದೊಡ್ಡ ಪಾಲು ಬ್ಯಾಂಕಿನಲ್ಲಿದೆ. ಹತ್ತು ಮಕ್ಕಳು ತಲಾ 10 ಹುಣಸೆ ಬೀಜ ಠೇವಣಿ ಇಡಲಿ. ಬ್ಯಾಂಕಿನವನು 20 ಇಟ್ಟುಕೊಂಡು 80ನ್ನು ರೈತ, ಅಂಗಡಿಯವನ ಪಾತ್ರದವರಿಗೆ ಸಾಲ ಕೊಡಲಿ. ಈಗ ಒಬ್ಬರ ಕಿವಿಯಲ್ಲಿ ‘ಬ್ಯಾಂಕು ಮುಳುಗುತ್ತದಂತೆ’ ಎನ್ನಿ. ಇಬ್ಬರಿಗೆ ಹಣ ಸಿಗುತ್ತದೆ, ಮೂರನೆಯವರಿಗಿಲ್ಲ. ಬ್ಯಾಂಕಿನವನೇ ಕಳ್ಳ ಎಂದು ಕೂಗೆದ್ದರೆ ಆಟ ನಿಲ್ಲಿಸಿ, 80 ಬೀಜ ಎಲ್ಲಿವೆ ಎಂದು ಹುಡುಕಿಸಿ. ನಂತರ ಅಧ್ಯಕ್ಷ ರೂಸ್‌ವೆಲ್ಟ್ ಬರಲಿ: 1933ರ ಮಾರ್ಚ್‌ನಲ್ಲಿ ದೇಶದ ಬ್ಯಾಂಕುಗಳನ್ನೆಲ್ಲ ಮುಚ್ಚಿಸಿ, ಗಟ್ಟಿಯಾದವನ್ನು ತೆರೆಸಿದರು, 1934ರ ಜನವರಿಯಿಂದ 2,500 ಡಾಲರ್‌ವರೆಗಿನ ಠೇವಣಿಗೆ ವಿಮೆ ಬಂತು. ಈ ಖಾತರಿ ಕೊಟ್ಟು ಅದೇ ಗಾಳಿಸುದ್ದಿಯನ್ನು ಮತ್ತೆ ಹಬ್ಬಿಸಿ, ಎಷ್ಟು ಮಂದಿ ಓಡುತ್ತಾರೆ ನೋಡಿ.

ಸಾಲದ ಎಳೆ ಹೊಲಕ್ಕೂ ಹೋಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಬಯಲುಸೀಮೆಯಲ್ಲಿ ಎದ್ದ ದೂಳಿನ ಬಿರುಗಾಳಿಯನ್ನು ತೋರಿಸಲು ಎರಡು ತಟ್ಟೆ ಒಣ ಮಣ್ಣು ಬೇಕು. ಒಂದರಲ್ಲಿ ಹತ್ತು ದಿನ ಮೊದಲೇ ರಾಗಿ ಒತ್ತಾಗಿ ಬಿತ್ತಿ ಮೊಳೆಸಿ, ಆಟದ ಹಿಂದಿನ ಎರಡು ದಿನ ನೀರು ನಿಲ್ಲಿಸಿ. ಮಣ್ಣು ಹಸಿಯಿದ್ದರೆ ಎರಡರಲ್ಲೂ ದೂಳು ಏಳುವುದಿಲ್ಲ, ಪ್ರಯೋಗ ಕೆಡುತ್ತದೆ. ಬಯಲಲ್ಲಿ, ಮಕ್ಕಳನ್ನು ಗಾಳಿಯ ಬೆನ್ನಿಗೆ ನಿಲ್ಲಿಸಿ, ರಟ್ಟಿನಿಂದ ಬೀಸಿ. ಗೋಧಿಯ ಬೆಲೆ ಕುಸಿದಾಗ ಸಾಲ ತೀರಿಸಲು ರೈತರು ಇನ್ನಷ್ಟು ಹುಲ್ಲುಗಾವಲು ಉತ್ತರು, ಮೇಲೆ ಬರ ಬಂತು ಎಂಬುದನ್ನು ಬೀಸುವಾಗಲೇ ಹೇಳಿ. ಭಾರಿ ದೂಳಿನ ಬಿರುಗಾಳಿ ಎದ್ದ 1935ರ ಏಪ್ರಿಲ್ 14ರ ಕರಾಳ ಭಾನುವಾರವನ್ನೂ, ಅದೇ ತಿಂಗಳು ಬಂದ ಮಣ್ಣು ಸಂರಕ್ಷಣಾ ಕಾಯ್ದೆಯನ್ನೂ ಒಟ್ಟಿಗೆ ಬರೆಸಿ.