ಆರ್ಡರ್ ಸಿಕ್ತು, ಕವರ್ ಮರ್ತೆ
ಕಕ್ಷಿದಾರರು ಬಂದು ಕೂತ ತಕ್ಷಣ ಹೇಳೋದೇ "ಸಾರ್, ಒಂದು ಸ್ಟೇ ತಂದ್ಕೊಡಿ" ಅಂತ. ಸ್ಟೇ ಅಂದ್ರೆ ನಡೀತಿರೋ ಕೇಸನ್ನೋ ಆಗಿರೋ ಆದೇಶವನ್ನೋ ತಡೆಯೋದು, ಎದುರು ಪಾರ್ಟಿ ಬೇಲಿ ಕೀಳಬಾರದು ಗೋಡೆ ಕಟ್ಟಬಾರದು ಅಂತ ಅವರನ್ನೇ ತಡೆಯೋದು ಇಂಜಂಕ್ಷನ್. ಜನರ ಬಾಯಲ್ಲಿ ಎರಡೂ ಸ್ಟೇನೇ, ನಾನೂ ತಿದ್ದೋದು ಬಿಟ್ಟಿದೀನಿ.

ಸೀನಿಯರ್ ಆಫೀಸ್ ಬಿಟ್ಟು ಸ್ವಂತವಾಗಿ ಹಾಕಿದ ಮೊದಲನೇ ದಾವೆ, ಒಬ್ಬ ವಯಸ್ಸಾದ ರೈತರದ್ದು, ಪಕ್ಕದ ಜಮೀನಿನವರು ಬದು ಒತ್ತರಿಸಿ ಕಲ್ಲು ನೆಡ್ತಾ ಇದ್ರು. ಸಿಪಿಸಿ, ಅಂದ್ರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 39 ರೂಲ್ 1, 2ರ ಕೆಳಗೆ ಐಎ (ಮಧ್ಯಂತರ ಅರ್ಜಿ) ಹಾಕಿ, ಮೇಲ್ನೋಟಕ್ಕೆ ಕೇಸ್ ಇದೆ, ಅನುಕೂಲದ ತಕ್ಕಡಿ ನಮ್ ಕಡೆ ಇದೆ, ತಡೆಯದಿದ್ರೆ ದುಡ್ಡಲ್ಲಿ ತುಂಬಲಾಗದ ನಷ್ಟ ಆಗುತ್ತೆ ಅಂತ ಮೂರನ್ನೂ ಬಾಯಿಪಾಠ ಒಪ್ಪಿಸ್ದೆ. ಜಡ್ಜ್ ಕೇಳಿದ್ದು ಒಂದೇ, "ಕ್ರಯಪತ್ರ ಆಮೇಲೆ ನೋಡೋಣ, ಇವತ್ತು ಸ್ವಾಧೀನದಲ್ಲಿ ಯಾರಿದಾರೆ?" ಪಹಣಿ ಕೊಟ್ಟೆ, ಅರ್ಧ ನೆಟ್ಟ ಕಲ್ಲಿನ ಫೋಟೋ ಕೊಟ್ಟೆ. ನೋಟಿಸ್ ಕೊಟ್ಟು ಕಾಯೋಷ್ಟರಲ್ಲಿ ಬದುವೇ ಇರಲ್ಲ ಅಂತ ಕಾರಣ ಬರೆಸಿ, ಎದುರಿನವರನ್ನ ಕೇಳದೇನೇ ಆಗೋ ಎಕ್ಸ್‌ಪಾರ್ಟಿ ಆರ್ಡರ್ ಕೊಟ್ರು. ಹೊರಗೆ ಬಂದಾಗ ನನ್ ಕಾಲು ನೆಲದ ಮೇಲಿರ್ಲಿಲ್ಲ.

ಅಲ್ಲೇ ಎಡವಿದ್ದು. ರೂಲ್ 3ರಲ್ಲಿ ಹಾಗೆ ಆರ್ಡರ್ ತಗೊಂಡವರು ಅರ್ಜಿ, ಅಫಿಡವಿಟ್, ದಾವೆ ಪ್ರತಿ, ದಾಖಲೆ ಎಲ್ಲಾನೂ ತಕ್ಷಣ ಪ್ರತಿವಾದಿಗೆ ತಲುಪಿಸ್ಬೇಕು, ಇಲ್ಲಾ ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸ್ಬೇಕು, ಕಳಿಸಿದೀವಿ ಅಂತ ಅವತ್ತೇ ಅಥವಾ ಮಾರನೇ ದಿನ ಅಫಿಡವಿಟ್ ಹಾಕ್ಬೇಕು ಅಂತ ಇದೆ. ಓದಿದ್ದೆ, ಪರೀಕ್ಷೆಲೂ ಬರ್ದಿದ್ದೆ, ಆದ್ರೆ ಕೋರ್ಟಿಂದ ಸಮನ್ಸ್ ಹೋಗುತ್ತಲ್ಲ ಅಂತ ಸುಮ್ನಿದ್ದೆ. ಎದುರು ವಕೀಲರು ಮುಂದಿನ ವಾಯಿದೆಗೆ ಬಂದು ಬೇರೇನೂ ವಾದ ಮಾಡ್ಲಿಲ್ಲ, ಫೈಲಲ್ಲಿ ಆ ಅಫಿಡವಿಟ್ ಎಲ್ಲಿದೆ ತೋರಿಸಿ ಅಂದ್ರು, ಅಷ್ಟೇ. ಆರ್ಡರ್ ತೆರವಾಯ್ತು. ಆ ರೈತರು ನನ್ನ ಬೈಲಿಲ್ಲ, "ಈಗ ಕಲ್ಲು ಮತ್ತೆ ನೆಡ್ತಾರಾ ಸಾರ್?" ಅಂತ ಕೇಳಿದ್ರು, ಅದಕ್ಕೆ ಉತ್ತರ ಕೊಡೋದು ಬೈಸಿಕೊಳ್ಳೋದಕ್ಕಿಂತ ಕಷ್ಟ ಆಯ್ತು.

ಆಮೇಲೆ ಎರಡೂ ಕಡೆ ವಾದ ಕೇಳಿ ಅದೇ ಪಹಣಿ ಮೇಲೆ ತಾತ್ಕಾಲಿಕ ತಡೆಯಾಜ್ಞೆ ಸಿಕ್ತು, ಅಷ್ಟರಲ್ಲಿ ಪಕ್ಕದವರು ಇನ್ನೂ ನಾಲ್ಕು ಕಲ್ಲು ನೆಟ್ಟಿದ್ರು. ಈಗ ವಾದಕ್ಕೆ ನಿಲ್ಲೋ ಮುಂಚೆನೇ ಪ್ರತಿವಾದಿ ವಿಳಾಸ ಬರೆದ ಕವರ್ ಬ್ಯಾಗಲ್ಲಿ ಇರುತ್ತೆ, ಆರ್ಡರ್ ಆಗದಿದ್ರೆ ಹರಿದು ಬಿಸಾಕ್ತೀನಿ.