ದಿನ ತುಂಬದೆ ಹುಟ್ಟಿದ ಮೊಲದ ಮರಿಗಳು: ಮೊದಲು ಮಾಡಬೇಕಾದ್ದೇನು?

ಮೊಲದ ಗರ್ಭಾವಧಿ ಸಾಮಾನ್ಯವಾಗಿ 30ರಿಂದ 32 ದಿನ. ಇಷ್ಟು ಚಿಕ್ಕ ಅವಧಿಯಲ್ಲಿ ಕೊನೆಯ ಎರಡು ಮೂರು ದಿನಗಳ ಬೆಳವಣಿಗೆಯೇ ನಿರ್ಣಾಯಕ. 28ನೇ ದಿನಕ್ಕೂ ಮೊದಲು ಹುಟ್ಟಿದ ಮರಿಗಳು ಉಳಿಯುವುದು ಅಪರೂಪ. ಅದರಾಚೆ ಹುಟ್ಟಿದವುಗಳ ಮೇಲೆ ಆಸೆ ಇಡಬಹುದು. ಅವಧಿಗೆ ಮೊದಲೇ ಮರಿ ಹಾಕುವ ತಾಯಿ ಎಷ್ಟೋ ಸಲ ಗೂಡನ್ನೇ ಕಟ್ಟಿರುವುದಿಲ್ಲ. ಮೈಮೇಲೆ ಕೂದಲಿಲ್ಲದ, ಕಣ್ಣು ಬಿಡದ ಮರಿಗಳು ಪಂಜರದ ನೆಲದಲ್ಲಿ ಚದುರಿ ಬಿದ್ದಿರುತ್ತವೆ.

ಮೊದಲು ಶಾಖ, ಆಮೇಲೆ ಹಾಲು

ಈ ಕ್ರಮವನ್ನು ಯಾವ ಕಾರಣಕ್ಕೂ ತಿರುವುಮುರುವು ಮಾಡಬೇಡಿ. ತಣ್ಣಗಾದ ಮರಿಗೆ ಹಾಲು ಜೀರ್ಣವಾಗುವುದಿಲ್ಲ. ಮೈ ತಣ್ಣಗಾಗಿ ಅಲುಗಾಡದೆ ಬಿದ್ದಿರುವ ಮರಿ ಸತ್ತಿದೆ ಎಂದು ಕೂಡಲೇ ತೀರ್ಮಾನಿಸಲೂಬೇಡಿ. ಬೆಚ್ಚಗಾದ ಮೇಲೆ ಉಸಿರಾಡತೊಡಗುವ ಮರಿಗಳಿವೆ. ಕೈಗಳ ನಡುವೆ ಹಿಡಿದುಕೊಳ್ಳಿ, ಇಲ್ಲವೇ ಬಿಸಿನೀರಿನ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಡಬ್ಬಿಯ ಒಂದು ಬದಿಯಲ್ಲಿ ಮಾತ್ರ ಶಾಖವಿರಲಿ, ಸೆಕೆಯಾದರೆ ಮರಿ ಸರಿದುಕೊಳ್ಳಲು ಜಾಗ ಬೇಕು.

ಅಷ್ಟರಲ್ಲಿ ಗೂಡು ಸಿದ್ಧಪಡಿಸಿ. ಅಂಚು ಎತ್ತರವಿರುವ ಪೆಟ್ಟಿಗೆಯಲ್ಲಿ ಮೆತ್ತನೆಯ ಒಣಹುಲ್ಲು ಹಾಸಿ, ನಡುವೆ ಗುಳಿ ಮಾಡಿ. ಮರಿ ಹಾಕುವ ಹೊತ್ತಿಗೆ ತಾಯಿಯ ಹೊಟ್ಟೆಯ ಮೇಲಿನ ಕೂದಲು ಸಡಿಲವಾಗಿರುತ್ತದೆ. ಸಲೀಸಾಗಿ ಬರುವಷ್ಟನ್ನು ಮಾತ್ರ ತೆಗೆದು ಗುಳಿಗೆ ತುಂಬಿ. ಸತ್ತ ಮರಿಗಳನ್ನೂ ಮಾಸನ್ನೂ ತೆಗೆದುಹಾಕಿ, ಬದುಕಿರುವವನ್ನು ಒತ್ತೊತ್ತಾಗಿ ಮಲಗಿಸಿ, ಪೆಟ್ಟಿಗೆಯನ್ನು ತಾಯಿಯ ಬಳಿಯೇ ಇಡಿ. ಮನುಷ್ಯರ ಕೈ ತಾಗಿದರೆ ತಾಯಿ ಮರಿಗಳನ್ನು ತೊರೆಯುತ್ತದೆ ಎಂಬ ಭಯ ಸಾಕುಮೊಲದ ವಿಷಯದಲ್ಲಿ ಬೇಡ.

ಇಲ್ಲಿಂದ ಮುಂದೆ ಬೇಕಾದದ್ದು ತಾಳ್ಮೆ. ಮೊಲ ಮರಿಗಳ ಬಳಿ ಕುಳಿತಿರುವುದಿಲ್ಲ. ದಿನಕ್ಕೆ ಒಂದೆರಡು ಬಾರಿ, ಹೆಚ್ಚಾಗಿ ರಾತ್ರಿ ಅಥವಾ ನಸುಕಿನಲ್ಲಿ, ಕೆಲವೇ ನಿಮಿಷ ಹಾಲೂಡಿಸಿ ಹೋಗುತ್ತದೆ. ಇದನ್ನು ತಿಳಿಯದೆ, ತಾಯಿ ಮರಿಗಳನ್ನು ಬಿಟ್ಟಿತೆಂದು ಗಾಬರಿಯಿಂದ ಬೇರ್ಪಡಿಸುವುದು ದೊಡ್ಡ ಅನ್ಯಾಯ. ಬೆಳಿಗ್ಗೆ ಮರಿಯ ಹೊಟ್ಟೆ ನೋಡಿ: ದುಂಡಗಿದ್ದರೆ ಹಾಲು ಕುಡಿದಿದೆ. ಹೊಟ್ಟೆ ಒಳಗೆಳೆದು ಚರ್ಮ ಸುಕ್ಕುಗಟ್ಟಿದ್ದರೆ ಪಶುವೈದ್ಯರಿಗೆ ಫೋನ್ ಮಾಡಿ. ಅದೇ ಸಮಯದಲ್ಲಿ ಮರಿ ಹಾಕಿದ ಬೇರೊಂದು ಹೆಣ್ಣುಮೊಲವಿದ್ದರೆ ಅದರ ಮಡಿಲಿಗೆ ಸೇರಿಸುವುದು ಕೈಯಾರೆ ಉಣಿಸುವುದಕ್ಕಿಂತ ಎಷ್ಟೋ ಮೇಲು. ಕೈಯಾರೆ ಉಣಿಸಲೇಬೇಕಾದರೆ ಹಸುವಿನ ಹಾಲು ಬೇಡ. ಬೆಕ್ಕಿನ ಮರಿಗಳಿಗೆಂದು ತಯಾರಿಸಿದ ಹಾಲಿನ ಪುಡಿಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಕಲಸಿ, ಮರಿಯನ್ನು ಅಂಗಾತ ಮಲಗಿಸದೆ ನೆಟ್ಟಗೆ ಹಿಡಿದು, ಹನಿಹನಿಯಾಗಿ ಕೊಡಿ. ಅವಸರಪಟ್ಟರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ.

ತಾಯಿಯನ್ನು ಮರೆಯಬೇಡಿ

ಮರಿಗಳ ಗದ್ದಲದಲ್ಲಿ ತಾಯಿಯ ಕಡೆ ಯಾರೂ ನೋಡುವುದಿಲ್ಲ. ನನ್ನ ಮಟ್ಟಿಗೆ ಮೊದಲು ಉಳಿಯಬೇಕಾದ ಜೀವ ಅದು. ಹುಲ್ಲು ತಿನ್ನುತ್ತಿದೆಯೇ, ಹಿಕ್ಕೆ ಹಾಕುತ್ತಿದೆಯೇ ನೋಡುತ್ತಿರಿ. ಅರ್ಧ ದಿನ ಏನನ್ನೂ ತಿನ್ನದಿದ್ದರೆ ಅದು ತುರ್ತುಸ್ಥಿತಿ, ಕರುಳಿನ ಚಲನೆಯೇ ನಿಂತುಬಿಡಬಹುದು. ಅರ್ಧ ಗಂಟೆ ಮುಕ್ಕಿದರೂ ಮರಿ ಹೊರಬಾರದಿದ್ದರೆ, ರಕ್ತಸ್ರಾವ ನಿಲ್ಲದಿದ್ದರೆ, ದುರ್ವಾಸನೆಯ ಸ್ರಾವವಿದ್ದರೆ ಒಳಗೆ ಮರಿ ಉಳಿದಿರುವ ಶಂಕೆಯಿದೆ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಎಲ್ಲ ಮರಿಗಳೂ ಹೋಗಿದ್ದರೆ ಹಾಲನ್ನು ಹಿಂಡಬೇಡಿ, ತಾನಾಗಿಯೇ ಬತ್ತುತ್ತದೆ. ಮೊಲೆಗಳು ಬಿಸಿಯಾಗಿ, ಕೆಂಪು ಅಥವಾ ನೀಲಿಗಟ್ಟಿ ಊದಿಕೊಂಡರೆ ಅದು ಬಾವು, ಔಷಧ ಬೇಕು.

ಹೀಗೇಕಾಯಿತು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಬಿರುಬಿಸಿಲು, ಬೆದರಿಕೆ, ಸೋಂಕು, ಪೋಷಣೆಯ ಕೊರತೆ, ತಾಯಿಯ ಅತಿಬೊಜ್ಜು ಎಲ್ಲವೂ ಕಾರಣವಾಗಬಹುದು. ಚೊಚ್ಚಲ ಬಸಿರಿನ ಮರಿಗಳು ಉಳಿಯದಿರುವುದು ಸಾಮಾನ್ಯ. ಕುಳ್ಳ ತಳಿಯ ಎರಡು ಮೊಲಗಳು ಕೂಡಿದಾಗ ಕುಳ್ಳುತನದ ವಂಶವಾಹಿ ಎರಡೂ ಕಡೆಯಿಂದ ಬಂದ ಮರಿ ಯಾವ ಆರೈಕೆಗೂ ಉಳಿಯದು. ತಾಯಿ ಸತ್ತ ಮರಿಯನ್ನು ತಿಂದಿದ್ದರೆ ಅದನ್ನು ಕ್ರೂರಿ ಎನ್ನಬೇಡಿ, ಗೂಡು ಶುಚಿಗೊಳಿಸುವ ಸಹಜ ಪ್ರವೃತ್ತಿಯದು. ಕಾರಣ ತಿಳಿಯಬೇಕೆಂದಿದ್ದರೆ ಸತ್ತ ಮರಿಯನ್ನು ಚೀಲದಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಅಲ್ಲ. ವೈದ್ಯರು ಪರೀಕ್ಷಿಸಬಲ್ಲರು.

ಇನ್ನೊಂದು ಕೆಲಸ ಆ ಕ್ಷಣವೇ ಆಗಬೇಕು: ಗಂಡುಮೊಲವನ್ನು ಬೇರೆ ಪಂಜರಕ್ಕೆ ಹಾಕಿ. ಹೆತ್ತ ಕೆಲವೇ ಗಂಟೆಗಳಲ್ಲಿ ಹೆಣ್ಣು ಮತ್ತೆ ಗರ್ಭ ಧರಿಸಬಲ್ಲದು. ಗಂಡಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೂ ಕೆಲವು ವಾರ ಅದರ ಬೀಜಶಕ್ತಿ ಉಳಿದಿರುತ್ತದೆ, ಅಲ್ಲಿಯವರೆಗೂ ಅವೆರಡನ್ನೂ ಜೊತೆಗೂಡಿಸಬೇಡಿ.