ಪದ ಕಟ್ಟಿದ್ದೀರಾ? ಮನೆಯಲ್ಲೇ ರೆಕಾರ್ಡ್ ಮಾಡಿ, ಹೆಸರು ಸೇರಿಸಿ ಕಳಿಸಿ

ಎರಡು ವರ್ಷದ ಹಿಂದೆ ನಾನು ಕಟ್ಟಿದ ಒಂದು ಗೀಗೀ ಪದ ವಾಟ್ಸಾಪ್‌ನಲ್ಲಿ ಊರೂರು ಸುತ್ತಿ ನನಗೇ ವಾಪಸ್ ಬಂತು. ಕಳಿಸಿದವರಿಗೆ ಅದು ಯಾರ ಪದ ಅಂತ ಗೊತ್ತಿರಲಿಲ್ಲ. ಕೊನೆಯ ನುಡಿಯನ್ನು, ಅಂದರೆ ಕೊನೆಯ ಚರಣವನ್ನು, ಯಾರೋ ಕತ್ತರಿಸಿದ್ದರು. ಪದ ಕಟ್ಟಿದವರ ಗುರುತು ಹೇಳುವ ನನ್ನ ಅಂಕಿತ ಇದ್ದದ್ದು ಅದೇ ನುಡಿಯಲ್ಲಿ. ಪದ ಊರಾಡಿದ್ದಕ್ಕೆ ಖುಷಿಯಾಯಿತು, ಹೆಸರು ಕಳೆದದ್ದಕ್ಕೆ ನೋವೂ ಆಯಿತು. ತಪ್ಪು ನನ್ನದೂ ಇತ್ತು. ಫೈಲ್‌ಗೆ ಒಂದು ಹೆಸರನ್ನೂ ಇಡದೆ ಸುಮ್ನೆ ಕಳಿಸಿಬಿಟ್ಟಿದ್ದೆ. ಆಮೇಲೆ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಸ್ಟುಡಿಯೋ ಬೇಡ. ಒಂದು ಫೋನ್, ಎರಡು ಕೌದಿ, ಬೆಳಗಿನ ಒಂದು ಗಂಟೆ ಸಾಕು.

ಮೊದಲು ಬಾಯಿಪಾಠ

ಹಾಳೆ ಹಿಡಿದು ಹಾಡಬೇಡಿ. ನನ್ನ ಮೊದಲ ರೆಕಾರ್ಡಿಂಗ್ ಕೇಳಿದ ಸೋದರತ್ತೆ, "ಇದರಾಗ ನೀ ಹಾಡಾಕತ್ತಿಲ್ಲೋ ತಮ್ಮಾ, ಓದಾಕತ್ತಿ" ಅಂದಳು. ಬೀಸುಕಲ್ಲಿನ ಮುಂದೆ ಕೂತು ನೂರಾರು ಪದ ಹಾಡಿದವಳು, ಅವಳ ಕಿವಿ ಸುಳ್ಳು ಹೇಳುವುದಿಲ್ಲ. ಪದವನ್ನು ಒಂದು ವಾರ ಕೆಲಸ ಮಾಡುತ್ತಾ ಹಾಡಿಕೊಳ್ಳಿ. ನಾಲಿಗೆ ಎಡವುವ ಮಾತುಗಳು ತಾವಾಗಿಯೇ ಬದಲಾಗುತ್ತವೆ.

ಕೋಣೆ ಮತ್ತು ಕೌದಿ

ಟೈಲ್ಸ್ ಹಾಕಿದ ಖಾಲಿ ಕೋಣೆಯಲ್ಲಿ ದನಿ ಗೋಡೆಗೆ ಬಡಿದು ತಿರುಗಿ ಬರುತ್ತದೆ. ಬಚ್ಚಲುಮನೆಯಲ್ಲಿ ಹಾಡಿದ ಹಾಗೆ ಕೇಳುತ್ತದೆ. ಮೆತ್ತನೆಯ ಸಾಮಾನು ತುಂಬಿದ ಕೋಣೆ ಹುಡುಕಿ. ನಮ್ಮ ಮನೆಯಲ್ಲಿ ಜೋಳದ ಚೀಲ ಒಟ್ಟಿದ ಕೋಣೆಯಷ್ಟು ಚೆನ್ನಾದದ್ದು ಬೇರೆ ಇಲ್ಲ. ಚೀಲ ಇಲ್ಲದಿದ್ದರೆ ಹಗ್ಗ ಕಟ್ಟಿ ಕೌದಿ ಇಳಿಬಿಡಿ. ಒಂದು ನಿಮ್ಮ ಬೆನ್ನ ಹಿಂದೆ, ಇನ್ನೊಂದು ಫೋನಿನ ಹಿಂದೆ. ಫ್ಯಾನ್, ಫ್ರಿಜ್ ಆರಿಸಿ. ಹೊರಗೆ ಕೋಳಿ ಕೂಗಿದರೆ ನಾನು ನಿಲ್ಲಿಸುವುದಿಲ್ಲ, ಪದ ಹುಟ್ಟಿದ ಊರಿನ ಸದ್ದು ಅದು. ನೀರಿನ ಮೋಟರ್ ಶುರುವಾದರೆ ಮಾತ್ರ ನಿಲ್ಲಿಸುತ್ತೇನೆ.

ಫೋನ್ ಎಲ್ಲಿಡಬೇಕು

ಏರೋಪ್ಲೇನ್ ಮೋಡ್ ಹಾಕಿ, ಇಲ್ಲದಿದ್ದರೆ ಮೂರನೇ ನುಡಿಗೆ ಸರಿಯಾಗಿ ಯಾರದಾದರೂ ಕರೆ ಬರುತ್ತದೆ. ಸಾಮಾನ್ಯವಾಗಿ ಫೋನಿನ ಮೈಕ್ ಕೆಳ ಅಂಚಿನಲ್ಲಿರುತ್ತದೆ. ಆ ಅಂಚು ನಿಮ್ಮ ಕಡೆಗಿರಲಿ. ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ. ನೇರ ಎದುರಿಗಿಟ್ಟರೆ ಪ, ಬ, ಭ ಬಂದಾಗಲೆಲ್ಲ ಉಸಿರು ಮೈಕಿಗೆ ಗುದ್ದಿ ಧಪ್ ಅನ್ನುತ್ತದೆ. ಕೈಯಲ್ಲಿ ಹಿಡಿಯಬೇಡಿ, ಮಡಿಸಿದ ಟವೆಲ್ ಮೇಲಿಡಿ. ರೆಕಾರ್ಡಿಂಗ್ ಆ್ಯಪ್‌ನಲ್ಲಿ ವೇವ್ (WAV) ಫೈಲ್, 44,100 ಹರ್ಟ್ಸ್, 16 ಬಿಟ್, ಮೋನೋ ಆರಿಸಿ. ನಿಮಿಷಕ್ಕೆ ಸುಮಾರು 5 ಎಂಬಿ ಆಗುತ್ತದೆ.

ಜೊತೆಗೆ ದಪ್ಪು ಎಂಬ ಚರ್ಮವಾದ್ಯ ಇದ್ದರೆ ಲೆಕ್ಕವೇ ಬೇರೆ. ಅದರ ಪೆಟ್ಟು ದನಿಯನ್ನು ನುಂಗಿಬಿಡುತ್ತದೆ. ದಪ್ಪು ಬಾರಿಸುವವರನ್ನು ಐದಾರು ಅಡಿ ಹಿಂದೆ ಕೂರಿಸಿ. ತಂತಿವಾದ್ಯವಾದ ತುಂತುಣಿ ಹತ್ತಿರವೇ ಇರಲಿ. ಮಳೆಗಾಲದಲ್ಲಿ ದಪ್ಪಿನ ಚರ್ಮ ಸಡಿಲಾಗಿ ನಾದ ಮಂಕಾಗುತ್ತದೆ. ಬೆಂಕಿಗೆ ಕಾಯಿಸಿ, ಆರುವ ಮೊದಲೇ ಶುರು ಮಾಡಿ. ಹಿಮ್ಮೇಳ 'ಗೀ ಗೀ' ಎಂದು ಎತ್ತಿ ಹಾಡುವ ಜಾಗವನ್ನೇ ಮೊದಲು ಪರೀಕ್ಷೆಗೆ ರೆಕಾರ್ಡ್ ಮಾಡಿ. ಆ್ಯಪ್‌ನಲ್ಲಿ ದನಿಯ ಮಟ್ಟ ತೋರಿಸುವ ಮೀಟರ್ ಮೈನಸ್ 6 ಡೆಸಿಬಲ್ ಹತ್ತಿರ ನಿಂತರೆ ಸರಿ. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ. ಒಡೆದದ್ದನ್ನು ಆಮೇಲೆ ಸರಿಪಡಿಸುವುದು ಬಹಳ ಕಷ್ಟ. ಫೋನನ್ನು ಇನ್ನೊಂದು ಮೊಳ ದೂರ ಸರಿಸಿ.

ರೆಕಾರ್ಡಿಂಗ್ ಒತ್ತಿದ ಮೇಲೆ ಹತ್ತು ಸೆಕೆಂಡ್ ಎಲ್ಲರೂ ಸುಮ್ಮನಿರಿ. ಕಂಪ್ಯೂಟರ್ ಇದ್ದರೆ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಆ ಹತ್ತು ಸೆಕೆಂಡ್ ತೋರಿಸಿದರೆ ಕೋಣೆಯ ಗುಂಯ್ ಸದ್ದನ್ನು ಗುರುತು ಹಿಡಿದು ಕಡಿಮೆ ಮಾಡುತ್ತದೆ. ಸ್ವಲ್ಪವೇ ಮಾಡಿ. ಜಾಸ್ತಿಯಾದರೆ ಕೊಡದೊಳಗಿಂದ ಹಾಡಿದಂತಾಗುತ್ತದೆ. ದನಿಯನ್ನು ಶ್ರುತಿಗೆ ಎಳೆದು ಕೂರಿಸುವ ಆ್ಯಪ್‌ಗಳ ಸಹವಾಸ ದಯವಿಟ್ಟು ಬೇಡ. ನಮ್ಮ ಪದಗಳ ಜೀವವೇ ಆ ಜಾರುವ, ಎಳೆಯುವ ದನಿಯಲ್ಲಿದೆ.

ಅಂಕಿತ

1902ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ಧ್ವನಿಮುದ್ರಣ ಶುರುವಾದಾಗ ಗಾಯಕಿ ಗೌಹರ್ ಜಾನ್ ಹಾಡಿನ ಕೊನೆಗೆ 'ಮೈ ನೇಮ್ ಈಸ್ ಗೌಹರ್ ಜಾನ್' ಎಂದು ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಹಾಡಿದ್ದು ಯಾರು ಅಂತ ಅಲ್ಲಿಯವರಿಗೆ ತಿಳಿಯಬೇಕಲ್ವಾ? ನಮ್ಮ ಕಡೆ ಈ ಉಪಾಯ ಇನ್ನೂ ಹಳೆಯದು. ಶಿಶುನಾಳ ಷರೀಫರ ದನಿಯನ್ನು ಕೇಳಿದವರು ಇಂದು ಯಾರೂ ಇಲ್ಲ. ಆದರೂ 'ಶಿಶುನಾಳಾಧೀಶ' ಬಂದ ಕೂಡಲೇ ಪದ ಯಾರದೆಂದು ಗೊತ್ತಾಗುತ್ತದೆ.

ನಾನೀಗ ಎರಡೂ ಮಾಡುತ್ತೇನೆ. ಮೊದಲ ನುಡಿಯಲ್ಲೇ ಅಂಕಿತ ತರುತ್ತೇನೆ. ಹಾಡಿನ ಮುಂಚೆ, ಆಮೇಲೆ ಹೆಸರು, ಊರು, ಧಾಟಿ, ತಾರೀಖು ಬಾಯಲ್ಲಿ ಹೇಳುತ್ತೇನೆ. ಫೈಲ್‌ಗೂ ಅದೇ ಹೆಸರು.

ಕಾನೂನೂ ನಮ್ಮ ಕಡೆಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ಬರೆದ ಸಾಹಿತ್ಯದ ಹಕ್ಕು ನೀವಿರುವಷ್ಟು ದಿನ, ಆಮೇಲೆ 60 ವರ್ಷ ಇರುತ್ತದೆ. ನೋಂದಣಿ ಕಡ್ಡಾಯವಲ್ಲ. ಹಳೆಯ ಜಾನಪದ ಧಾಟಿ ಮಾತ್ರ ಎಲ್ಲರದು, ಅದನ್ನು ನಮ್ಮದೆನ್ನಬಾರದು. ಸಿನಿಮಾ ಧಾಟಿಯ ಹಕ್ಕು ಬೇರೆಯವರದು, ಅದಕ್ಕೆ ಮಾತು ಹೊಂದಿಸಿದ್ದರೆ ಯೂಟ್ಯೂಬ್‌ಗೆ ಹಾಕಬೇಡಿ.

ಕಳಿಸುವುದು

192 ಕೆಬಿಪಿಎಸ್ ಎಂಪಿ3 ಮಾಡಿದರೆ ನಿಮಿಷಕ್ಕೆ ಒಂದೂವರೆ ಎಂಬಿ ಸಾಕು. ವಾಟ್ಸಾಪ್‌ನಲ್ಲಿ 'ಡಾಕ್ಯುಮೆಂಟ್' ಆಗಿ ಕಳಿಸಿ, ಫೈಲಿನ ಹೆಸರು ಹಾಗೇ ಉಳಿಯುತ್ತದೆ. ಜೊತೆಗೆ ಪೂರ್ತಿ ಸಾಹಿತ್ಯ ಟೈಪ್ ಮಾಡಿ ಹಾಕಿ. ಹಾಡಲು ಇಷ್ಟಪಟ್ಟವರು ಆಗ ನುಡಿ ಬಿಡುವುದಿಲ್ಲ. ಮೂಲ ವೇವ್ ಫೈಲ್ ಎರಡು ಕಡೆ ಇಟ್ಟುಕೊಳ್ಳಿ. ಗುಂಪಿಗೆ ಹಾಕುವ ಮೊದಲು ಪದ ಬಲ್ಲ ಒಬ್ಬರಿಗೆ ಕೇಳಿಸಿ.

ಹೋದ ತಿಂಗಳು ಅದೇ ಗೀಗೀ ಪದವನ್ನು ಜೋಳದ ಕೋಣೆಯಲ್ಲಿ ಮತ್ತೆ ಹಾಡಿ, ಮೊದಲು ಅತ್ತೆಗೆ ಕಳಿಸಿದೆ. ಸಂಜೆ ಅವಳ ವಾಯ್ಸ್ ಮೆಸೇಜ್ ಬಂತು. ಮೂರನೇ ನುಡಿಯನ್ನು ತಾನೇ ಬೇರೆ ಥರ ಹಾಡಿ, "ಹಿಂಗ ಅಂದ್ ನೋಡು" ಅಂದಿದ್ದಳು. ಅವಳು ಹೇಳಿದ್ದೇ ಸರಿ. ಈ ಭಾನುವಾರ ಮತ್ತೆ ಕೌದಿ ಕಟ್ಟುತ್ತೇನೆ.